ವೃದ್ಧಾಪ್ಯದ ವಲಸೆ ಮತ್ತು ಚಿಕಿತ್ಸೆಯ ಹಕ್ಕು: ವಿಜಯಪುರ ಪ್ರದೇಶವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ನೌಕರಿಯಿಂದ ನಿವೃತ್ತರಾದ ತಂದೆತಾಯಿಗಳು ಹೊರದೇಶಗಳಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗಿ ಉಳಿಯುವುದು ಇಂದು ವಿಜಯಪುರ ನಗರದಲ್ಲಿ ಮಾತ್ರವಲ್ಲದೆ, ತಿಕೋಟಾ, ಬಬಲೇಶ್ವರಗಳಂಥ ಊರುಗಳಲ್ಲಿಯೂ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೀಗೆ ಹೊರಡುವವರು ಮೊದಲು ವಿಚಾರಿಸುವುದು ಪ್ರಯಾಣದ ವೆಚ್ಚವನ್ನು, ಅಲ್ಲಿಯ ಚಳಿಯನ್ನು, ಊಟದ ಅನುಕೂಲವನ್ನು. ಕಾಯಿಲೆ ಬಿದ್ದರೆ ಚಿಕಿತ್ಸೆಯ ಖರ್ಚನ್ನು ಯಾರು ಹೊರುವರೆಂಬ ಪ್ರಶ್ನೆಯು ಹಲವು ವೇಳೆ ಕೊನೆಗೆ ಬರುತ್ತದೆ. ಕೆಲವು ವೇಳೆ ಕಾಯಿಲೆಯೊಡನೆಯೇ ಬರುತ್ತದೆ. ಈ ಪ್ರಶ್ನೆಯನ್ನು ಕೇವಲ ವ್ಯವಹಾರದ ವಿಷಯವೆಂದು ಬಿಡದೆ, ಅದರ ಹಿಂದಿರುವ ಇತಿಹಾಸವನ್ನು ವಿವೇಚಿಸಬೇಕೆಂಬುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶವಾಗಿದೆ.

ನಾವು ಪ್ರತಿಪಾದಿಸಬಯಸುವ ಅಂಶವು ಸರಳವಾದುದು. ವೃದ್ಧನ ಬದುಕಿಗೆ ಎರಡು ಆಧಾರಗಳುಂಟು: ಒಂದು, ಜೀವನಕ್ಕೆ ಬೇಕಾದ ಹಣ, ಇನ್ನೊಂದು, ರೋಗ ಬಂದಾಗಿನ ರಕ್ಷಣೆ. ಕಳೆದ ಒಂದೂವರೆ ಶತಮಾನದಲ್ಲಿ ಮೊದಲನೆಯದು ಮನುಷ್ಯನ ಬೆನ್ನ ಹಿಂದೆ ಸಂಚರಿಸುವ ಹಕ್ಕಾಗಿ ಬೆಳೆಯಿತು. ಎರಡನೆಯದು ಮಾತ್ರ ಇಂದಿಗೂ ನೆಲಕ್ಕೆ ಕಟ್ಟುಬಿದ್ದಿದೆ.

1

ವಿಜಯಪುರವು ವಲಸೆಗಾರರನ್ನು ಕಳುಹಿಸುವ ಊರಾಗುವ ಮೊದಲು ಅವರನ್ನು ಬರಮಾಡಿಕೊಳ್ಳುವ ರಾಜಧಾನಿಯಾಗಿತ್ತು. ಆದಿಲಶಾಹಿ ಅರಸರ ಕಾಲದಲ್ಲಿ ಇರಾನ್, ಮಧ್ಯ ಏಷ್ಯಾಗಳಿಂದ ಬಂದ ಜನರನ್ನು ‘ಅಫಾಕಿ’ಗಳೆಂದು ಕರೆಯುತ್ತಿದ್ದರು. ಅಸ್ತರಾಬಾದಿನ ಮೂಲದ ಇತಿಹಾಸಕಾರ ಫಿರಿಸ್ತಾ ಅಹಮದನಗರದಿಂದ 1589ರಲ್ಲಿ ಇಲ್ಲಿಗೆ ಬಂದು ಇಮ್ಮಡಿ ಇಬ್ರಾಹೀಮನ ಆಶ್ರಯದಲ್ಲಿ ನೆಲೆಸಿದನು. ಅವನು ಇತಿಹಾಸದಂತೆ ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯಪದ್ಧತಿಯನ್ನು ಆಧರಿಸಿದ ಒಂದು ಪರ್ಷಿಯನ್ ಗ್ರಂಥವೂ ಅವನ ಹೆಸರಿನಲ್ಲಿದೆ. ಪರದೇಶದಿಂದ ಬಂದವನು ಬದುಕಬೇಕಾದರೆ ಈ ನೆಲದ ಗಿಡಮೂಲಿಕೆಗಳನ್ನೂ ಔಷಧಿಗಳನ್ನೂ ಅರಿಯಬೇಕೆಂಬುದಕ್ಕೆ ಇದೊಂದು ನಿದರ್ಶನ. ಪರ್ಷಿಯನ್ ಕವಿ ಜುಹೂರಿಯೂ ಅದೇ ಅರಸನ ಆಸ್ಥಾನದಲ್ಲಿ ತನ್ನ ವೃದ್ಧಾಪ್ಯವನ್ನು ಕಳೆದನು.

ಇಂಥವರ ಮುಪ್ಪಿಗೆ ಆಧಾರವಾಗಿದ್ದುದು ಅರಸನ ಕೃಪೆ, ಇನಾಮು ಮತ್ತು ಉಂಬಳಿ. ಕೃಪೆಯು ಹಕ್ಕಲ್ಲ, ಅದು ಬಂದಂತೆ ಹೋಗಲೂಬಹುದು. 1534ರಿಂದ 1558ರವರೆಗೆ ಆಳಿದ ಮೊದಲನೆಯ ಇಬ್ರಾಹೀಮನು ಅಫಾಕಿಗಳಲ್ಲಿ ಬಹುಮಂದಿಯನ್ನು ಸೇವೆಯಿಂದ ತೆಗೆದು ದಖ್ಖನಿಗಳಿಗೆ ಪ್ರಾಶಸ್ತ್ಯವನ್ನಿತ್ತನು. ಅವನ ಮಗ ಮೊದಲನೆಯ ಅಲಿಯು ಆ ನೀತಿಯನ್ನು ಬದಲಿಸಿದನು. ಒಬ್ಬ ಅರಸನ ಮನಸ್ಸು ತಿರುಗಿದೊಡನೆ ಸಾವಿರಾರು ಮೈಲಿ ದೂರದಿಂದ ಬಂದವರ ಸ್ಥಿತಿ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. 1686ರಲ್ಲಿ ನಗರವು ಔರಂಗಜೇಬನ ವಶವಾದಾಗ ಆ ಆಶ್ರಯದ ಮೂಲವೇ ಬತ್ತಿಹೋಯಿತು.

2

ಬ್ರಿಟಿಷರ ಆಡಳಿತದಲ್ಲಿ ಈ ಹಳೆಯ ದಾನಗಳ ಪರಿಶೀಲನೆ ನಡೆಯಿತು. ಮುಂಬಯಿ ಇಲಾಖೆಯಲ್ಲಿ 1852ರ ಕಾಯಿದೆಯ ಮೇರೆಗೆ ಇನಾಮ್ ಕಮಿಶನ್ನು ಸನದುಗಳನ್ನು ತಪಾಸಿಸಿತು. ಅನಂತರ 1871ರ ಪಿಂಚಣಿ ಕಾಯಿದೆಯು ಸರಕಾರದ ಹಾಗೂ ಹಿಂದಿನ ಪ್ರಭುತ್ವಗಳ ಹಣದ ಮತ್ತು ಭೂಕಂದಾಯದ ದಾನಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಸರಕಾರದ ಪಿಂಚಣಿಯನ್ನು ಸಾಲಗಾರರು ನ್ಯಾಯಾಲಯದ ಮೂಲಕ ಜಪ್ತಿ ಮಾಡಲಾಗದೆಂಬ ನಿಯಮವೂ ಅದರಲ್ಲಿ ಸೇರಿತು. ಅರಸನ ಕೃಪೆಯಾಗಿದ್ದುದು ಕಾಗದಪತ್ರವುಳ್ಳ ಸಂದಾಯವಾಯಿತೆಂಬುದೇ ಇಲ್ಲಿಯ ಮುಖ್ಯ ಬದಲಾವಣೆ.

ಅದೇ ಕಾಲದಲ್ಲಿ ಈ ಪ್ರದೇಶದ ಸ್ಥಿತಿಯು ಹೇಗಿತ್ತೆಂಬುದನ್ನೂ ನೆನೆಯಬೇಕು. 1876-78ರ ಭೀಕರ ಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಜನರು ಊರು ಬಿಟ್ಟು ಚದುರಿದರು. 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗವು ತೆರೆಯಿತು. 1885ರಲ್ಲಿ ಜಿಲ್ಲೆಯ ಮುಖ್ಯ ಸ್ಥಳವು ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು. 1894ರಲ್ಲಿ ಮಿರಜಿನಲ್ಲಿ ಅಮೆರಿಕದ ಮಿಶನ್ನಿನ ವೈದ್ಯ ವಿಲಿಯಮ್ ವಾನ್‌ಲೆಸ್ ಆಸ್ಪತ್ರೆಯನ್ನು ತೆರೆದ ಮೇಲೆ, ಶಸ್ತ್ರಚಿಕಿತ್ಸೆ ಬೇಕಾದವರು ಅತ್ತ ಸಾಗುವುದು ರೂಢಿಯಾಯಿತು. ವಿಜಯಪುರದಿಂದ ಪಶ್ಚಿಮಕ್ಕೆ, ಅಥಣಿಯ ದಾರಿಯಲ್ಲಿರುವ ತಿಕೋಟಾದ ಜನರಿಗೆ ಮಿರಜು ಪರದೇಶವೆನಿಸಿರಲಿಲ್ಲ. ಆದರೆ 1956ರ ನವೆಂಬರ್ 1ರಂದು ಈ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದಾಗ, ಮಿರಜು, ಸೊಲ್ಲಾಪುರಗಳು ಗಡಿಯಾಚೆ ಉಳಿದವು.

ಈ ಸಂದರ್ಭವು ನಮ್ಮ ವಾದಕ್ಕೆ ಬಹು ಮಹತ್ವದ್ದು. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಯಲ್ಲಿ ಪಿಂಚಣಿಯ ಹೊಣೆಯನ್ನು ಹಳೆಯ ಹೊಸ ರಾಜ್ಯಗಳು ಹೇಗೆ ಹಂಚಿಕೊಳ್ಳಬೇಕೆಂಬುದಕ್ಕೆ ಏರ್ಪಾಡಿತ್ತು. ಗಡಿ ಸರಿದರೂ ನಿವೃತ್ತನ ಪಿಂಚಣಿ ನಿಲ್ಲಲಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಅಂಥ ಹಂಚಿಕೆಯ ಪ್ರಶ್ನೆಯೇ ಏಳಲಿಲ್ಲ; ಏಕೆಂದರೆ ಸಾಮಾನ್ಯ ವೃದ್ಧನಿಗೆ ಹಂಚಿಕೊಳ್ಳತಕ್ಕ ಹಕ್ಕೇ ಇರಲಿಲ್ಲ. ಊರ ದವಾಖಾನೆ ಇತ್ತು, ಮಕ್ಕಳಿದ್ದರು, ಅಷ್ಟೇ.

3

ಸ್ವಾತಂತ್ರ್ಯಾನಂತರ ರೋಗರಕ್ಷಣೆಯ ಹಕ್ಕು ಮೊದಲು ಉದ್ಯೋಗಕ್ಕೆ ಅಂಟಿಕೊಂಡು ಬಂದಿತು. ಕಾರ್ಮಿಕರ ರಾಜ್ಯವಿಮಾ ಕಾಯಿದೆಯು 1948ರಲ್ಲಿ ಆಯಿತು; ಕಾನಪುರ, ದಿಲ್ಲಿಗಳಲ್ಲಿ ಅದರ ಯೋಜನೆಯು 1952ರಲ್ಲಿ ಜಾರಿಗೆ ಬಂದಿತು. ಕೇಂದ್ರ ಸರಕಾರದ ನೌಕರರ ಆರೋಗ್ಯ ಯೋಜನೆಯು 1954ರಲ್ಲಿ ದಿಲ್ಲಿಯಲ್ಲಿ ಮೊದಲಾಗಿ, ಅನಂತರ ದೊಡ್ಡ ನಗರಗಳಿಗೆ ಹಬ್ಬಿತು. ಅದು ಇಲ್ಲದ ಊರುಗಳಲ್ಲಿ ನೆಲೆಸಿದ ಕೇಂದ್ರದ ಪಿಂಚಣಿದಾರರಿಗೆ 1997ರಲ್ಲಿ ತಿಂಗಳಿಗೆ 100 ರೂಪಾಯಿಗಳ ವೈದ್ಯಕೀಯ ಭತ್ಯೆಯು ದೊರೆಯಿತು. 2017ರಲ್ಲಿ ಅದು 1000 ರೂಪಾಯಿಗಳಿಗೇರಿತು. ನಗರಕ್ಕೆ ಚಿಕಿತ್ಸೆ, ಹಳ್ಳಿಗೆ ಭತ್ಯೆ ಎಂಬ ಈ ಭೇದದಲ್ಲಿಯೇ ಸ್ಥಳದ ಪ್ರಾಬಲ್ಯವು ಕಾಣುತ್ತದೆ.

ಎರಡನೆಯ ಮಾರ್ಗವು ಸಹಕಾರದ್ದು. ಮುಂಬಯಿ ಕರ್ನಾಟಕಕ್ಕೆ ಇದು ಹೊಸತಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘವು ಹುಟ್ಟಿತು. ವಿಜಯಪುರದಲ್ಲಿ 1910ರಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದ ಫ.ಗು. ಹಳಕಟ್ಟಿಯವರೇ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಅಸ್ತಿಭಾರ ಹಾಕಿದರು. ಈ ಪರಂಪರೆಯ ಮೇಲೆಯೇ 2003ರ ಜೂನ್ 1ರಿಂದ ರಾಜ್ಯದ ಸಹಕಾರಿ ಸಂಘಗಳ ಸದಸ್ಯ ರೈತರಿಗಾಗಿ ‘ಯಶಸ್ವಿನಿ’ ಯೋಜನೆಯು ಆರಂಭವಾಯಿತು. ಮೊದಲ ವರ್ಷದ ಕಂತು ತಲೆಗೆ 60 ರೂಪಾಯಿ. 75 ವರ್ಷದವರೆಗಿನವರಿಗೂ ಪ್ರವೇಶವಿದ್ದಿತು. ತಿಕೋಟಾ, ಬಬಲೇಶ್ವರಗಳಂಥ ಕೃಷಿಪ್ರಧಾನ ಪ್ರದೇಶದ ಮುದುಕರಿಗೆ ಶಸ್ತ್ರಚಿಕಿತ್ಸೆಯು ಕೈಗೆಟುಕುವಂತಾದುದು ಇಂಥ ಏರ್ಪಾಡಿನಿಂದ. 2018ರಲ್ಲಿ ನಿಂತುಹೋದ ಈ ಯೋಜನೆಯು 2023ರ ಜನವರಿಯಿಂದ ಪುನಃ ಆರಂಭವಾಯಿತು. 2018ರಲ್ಲಿಯೇ ‘ಆಯುಷ್ಮಾನ್ ಭಾರತ’ವು ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆಯನ್ನು ಘೋಷಿಸಿತು, 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದವರಿಗೆಲ್ಲ, ಆದಾಯವನ್ನು ಲೆಕ್ಕಿಸದೆ, ಅದನ್ನು ಕೇಂದ್ರ ಸರಕಾರವು ವಿಸ್ತರಿಸಿತು.

ಮೂರನೆಯದು ವಿಮಾ ಕಂಪನಿಗಳ ಮಾರ್ಗ. 1973ರಲ್ಲಿ ರಾಷ್ಟ್ರೀಕೃತವಾದ ಸಾಮಾನ್ಯ ವಿಮಾ ಸಂಸ್ಥೆಗಳು 1986ರಲ್ಲಿ ‘ಮೆಡಿಕ್ಲೇಮ್’ ಪಾಲಿಸಿಯನ್ನು ತಂದವು. ವೃದ್ಧರನ್ನು ಸೇರಿಸಿಕೊಳ್ಳಲು ಕಂಪನಿಗಳು ಬಹುಕಾಲ ಹಿಂಜರಿದವು. 65 ವರ್ಷದವರೆಗೆ ಪ್ರವೇಶವನ್ನು ನಿರಾಕರಿಸಕೂಡದೆಂದು ನಿಯಂತ್ರಣ ಪ್ರಾಧಿಕಾರವು 2013ರಲ್ಲಿ ವಿಧಿಸಿತು. 2024ರ ಏಪ್ರಿಲ್‌ನಿಂದ ಈ ವಯೋಮಿತಿಯ ಉಲ್ಲೇಖವನ್ನೇ ಕೈಬಿಟ್ಟು, ಎಲ್ಲ ವಯಸ್ಸಿನವರಿಗೂ ಪಾಲಿಸಿಗಳಿರಬೇಕೆಂದು ಹೇಳಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯೂ ಆಗಲೇ 48 ತಿಂಗಳಿಂದ 36ಕ್ಕೆ ಇಳಿಯಿತು.

ಈ ಮೂರು ಮಾರ್ಗಗಳೂ ಒಂದು ಅಂಶದಲ್ಲಿ ಸಮಾನವಾಗಿವೆ: ಇವುಗಳ ರಕ್ಷಣೆ ಸಾಮಾನ್ಯವಾಗಿ ಭಾರತದ ಆಸ್ಪತ್ರೆಗಳಿಗೆ ಮಾತ್ರ ಸಲ್ಲುತ್ತದೆ. ಸಮುದ್ರವನ್ನು ದಾಟಿದ ಕ್ಷಣವೇ ವೃದ್ಧನು ಇವೆಲ್ಲವನ್ನೂ ಹಿಂದೆ ಬಿಟ್ಟಿರುತ್ತಾನೆ.

4

ವಿಜಯಪುರದಲ್ಲಿ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 1984 ಮತ್ತು 1986ರಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಆರಂಭವಾದವು. ಹೊರದೇಶದ ಬಾಗಿಲು ಈ ಪ್ರದೇಶದ ಮಕ್ಕಳಿಗೆ ತೆರೆದುದರಲ್ಲಿ ಇಂಥ ಸಂಸ್ಥೆಗಳ ಪಾತ್ರವು ಸಣ್ಣದಲ್ಲ. ಮಕ್ಕಳ ಹಿಂದೆ ಹೆತ್ತವರು ಹೊರಟರು. ಅವರನ್ನು ಅಲ್ಲಿ ಎದುರುಗೊಂಡ ಕಾಯಿದೆಗಳಿಗೂ ಒಂದು ಇತಿಹಾಸವಿದೆ.

ಅಮೆರಿಕದಲ್ಲಿ 1965ರಲ್ಲಿ ಎರಡು ಕಾಯಿದೆಗಳಾದವು. ಜುಲೈ 30ರಂದು ಸಹಿಯಾದ ಕಾಯಿದೆಯಿಂದ 65 ವರ್ಷ ದಾಟಿದವರಿಗೆ ‘ಮೆಡಿಕೇರ್’ ವಿಮೆ ದೊರೆಯಿತು. ಅಕ್ಟೋಬರ್ 3ರ ವಲಸೆ ಕಾಯಿದೆಯು ಪ್ರಾಪ್ತವಯಸ್ಕ ಪೌರರ ತಂದೆತಾಯಿಗಳನ್ನು ಸಂಖ್ಯಾಮಿತಿಯಿಂದ ಹೊರಗಿಟ್ಟಿತು. ಒಂದು ಕಾಯಿದೆ ವೃದ್ಧನನ್ನು ಬಾ ಎಂದಿತು. ಇನ್ನೊಂದು ಅವನಿಗೆ ಕಾದುಕೊಂಡಿರು ಎಂದಿತು. ಏಕೆಂದರೆ ಆ ದೇಶದಲ್ಲಿ ದುಡಿದು ತೆರಿಗೆ ಕೊಡದ ಪರದೇಶೀಯನು, ಕಾಯಂ ನಿವಾಸಿಯಾಗಿ ಸತತ ಐದು ವರ್ಷ ವಾಸಿಸಿದ ಮೇಲೆಯೇ ಮೆಡಿಕೇರನ್ನು ಕೊಂಡುಕೊಳ್ಳಬಹುದು. ಈ ನಿಯಮವನ್ನು ಕ್ಯೂಬಾದಿಂದ ಬಂದ ವೃದ್ಧರು ಪ್ರಶ್ನಿಸಿದಾಗ, 1976ರ ಮ್ಯಾಥ್ಯೂಸ್ ವಿರುದ್ಧ ಡಯಾಜ್ ಪ್ರಕರಣದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ನಿಯಮವನ್ನೇ ಎತ್ತಿಹಿಡಿಯಿತು. ಹವಾನಾದ ಮುದುಕನ ವಿಷಯದಲ್ಲಿ ಆದ ತೀರ್ಪು ತಿಕೋಟಾದ ಮುದುಕನಿಗೂ ಅನ್ವಯಿಸುತ್ತದೆ.

ಐದು ವರ್ಷ ಕಳೆದ ಮೇಲೂ ಅದು ಪುಕ್ಕಟೆಯಲ್ಲ. ಅಲ್ಲಿ ಎಂದೂ ದುಡಿಯದವರು 2025ರಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್, ಒಟ್ಟು 703 ಡಾಲರ್ ತೆರಬೇಕಾಗಿತ್ತು. ಮಕ್ಕಳು ದುಡಿದು ಕೊಟ್ಟ ತೆರಿಗೆಯು ಹೆತ್ತವರ ಲೆಕ್ಕಕ್ಕೆ ಬರುವುದಿಲ್ಲ. ನಡುವಿನ ಐದು ವರ್ಷಗಳ ಕಂದಕವನ್ನು 2010ರ ಆರೋಗ್ಯ ಕಾಯಿದೆಯು ಸ್ವಲ್ಪಮಟ್ಟಿಗೆ ಮುಚ್ಚಿತು. ಅದರಂತೆ 2014ರಿಂದ ಕಾಯಂ ನಿವಾಸಿ ವೃದ್ಧರು, ಹಳೆಯ ಕಾಯಿಲೆಯ ಕಾರಣದಿಂದ ನಿರಾಕರಣೆಗೊಳಗಾಗದೆ, ವಿಮಾ ಪೇಟೆಯಲ್ಲಿ ಪಾಲಿಸಿ ಪಡೆಯಬಹುದಾಯಿತು; ಆದಾಯ ಕಡಿಮೆಯಿದ್ದವರಿಗೆ ಕಂತಿನಲ್ಲಿ ಸಹಾಯವೂ ದೊರೆಯಿತು. 2025ರ ಹೊಸ ಕಾಯಿದೆಯು, ಈ ಐದು ವರ್ಷಗಳೊಳಗಿನ ಅತಿ ಬಡವರಿಗೆ ದೊರೆಯುತ್ತಿದ್ದ ಆ ಸಹಾಯವನ್ನು 2026ರಿಂದ ತೆಗೆದುಹಾಕಿತು. ಕೃಪೆಯು ಅರಸನದಾಗಲಿ ಶಾಸನಸಭೆಯದಾಗಲಿ, ಪರದೇಶೀಯನಿಗೆ ಅದು ಅಸ್ಥಿರವಾದುದೆಂಬುದನ್ನು ಮೊದಲನೆಯ ಇಬ್ರಾಹೀಮನ ಕಾಲದಿಂದಲೂ ಕಾಣಬಹುದು.

ಬೇರೆ ದೇಶಗಳ ಕ್ರಮವು ಬೇರೆ. ಕೆನಡಾವು 2011ರ ಡಿಸೆಂಬರಿನಲ್ಲಿ ಹೆತ್ತವರಿಗಾಗಿ ‘ಸೂಪರ್ ವೀಸಾ’ವನ್ನು ಆರಂಭಿಸಿ, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರುಗಳ, ಒಂದು ವರ್ಷ ಅವಧಿಯ ಖಾಸಗಿ ವಿಮೆಯನ್ನು ಕಡ್ಡಾಯಗೊಳಿಸಿತು. ಆಸ್ಟ್ರೇಲಿಯಾವು 2003ರಲ್ಲಿ ಏರ್ಪಡಿಸಿದ ಹೆತ್ತವರ ವೀಸಾಕ್ಕೆ ತಲೆಗೆ ನಲವತ್ತು ಸಾವಿರಕ್ಕೂ ಮೇಲ್ಪಟ್ಟ ಡಾಲರುಗಳನ್ನು ತೆರಬೇಕು. ತೆತ್ತು ಕಾಯಂ ನಿವಾಸಿಗಳಾದವರಿಗೆ ಅಲ್ಲಿಯ ಸಾರ್ವಜನಿಕ ವಿಮೆಯು ದೊರೆಯುತ್ತದೆ. ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆಯುಂಟು. ಆದರೆ 2012ರ ನಿಯಮದಂತೆ, ನಿತ್ಯದ ಆರೈಕೆ ಬೇಕಾಗಿದ್ದು ಅದು ಸ್ವದೇಶದಲ್ಲಿ ದೊರೆಯದೆಂದು ಸಿದ್ಧಪಡಿಸಿದ ಹೆತ್ತವರಿಗೆ ಮಾತ್ರ ನೆಲೆಸಲು ಅನುಮತಿ. ದುಬೈಯಲ್ಲಿ 2013ರ ಕಾಯಿದೆಯು ಆಶ್ರಿತರ ವಿಮೆಯ ಹೊಣೆಯನ್ನು ಕರೆಸಿಕೊಂಡವರ ಮೇಲೆಯೇ ಹಾಕಿತು. ಒಂದು ದೇಶವು ಕಾಲವನ್ನು ಕೇಳುತ್ತದೆ, ಒಂದು ಹಣವನ್ನು, ಒಂದು ದೌರ್ಬಲ್ಯದ ಸಾಕ್ಷಿಯನ್ನು, ಇನ್ನೊಂದು ಮಕ್ಕಳ ಜಾಮೀನನ್ನು.

5

ಈಗ ಎರಡು ಹಕ್ಕುಗಳನ್ನು ಮತ್ತೊಮ್ಮೆ ಹೋಲಿಸಿ ನೋಡೋಣ. ಬಬಲೇಶ್ವರದ ಒಬ್ಬ ನಿವೃತ್ತ ಶಿಕ್ಷಕರು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಭಾವಿಸೋಣ. ಅವರ ಪಿಂಚಣಿಯು ತಿಂಗಳು ತಿಂಗಳಿಗೆ ಇಲ್ಲಿಯ ಬ್ಯಾಂಕಿನಲ್ಲಿ ಜಮೆಯಾಗುತ್ತದೆ. ಜೀವಂತವಿರುವ ಪ್ರಮಾಣಪತ್ರವನ್ನು ಪ್ರತಿ ವರ್ಷ ದೂರದಿಂದಲೇ ಸಲ್ಲಿಸಬಹುದು. ಬೆಲ್ಜಿಯಮ್ ಮೊದಲಾದ ಕೆಲವು ದೇಶಗಳೊಡನೆ ಭಾರತವು 2009ರಿಂದೀಚೆಗೆ ಜಾರಿಗೆ ತಂದ ಸಾಮಾಜಿಕ ಭದ್ರತೆಯ ಒಪ್ಪಂದಗಳೂ ಮುಖ್ಯವಾಗಿ ದುಡಿಯುವವರ ವಂತಿಗೆ ಮತ್ತು ಪಿಂಚಣಿಗಳನ್ನು ಕುರಿತವು. ಅದೇ ಶಿಕ್ಷಕರ ಎದೆಯಲ್ಲಿ ನೋವು ಕಾಣಿಸಿಕೊಂಡರೆ ಇಲ್ಲಿಯ ಯಾವ ಕಾರ್ಡೂ ಅಲ್ಲಿ ನಡೆಯುವುದಿಲ್ಲ. ಪ್ರವಾಸಿಯಾಗಿ ಹೋದವರು ಕೊಳ್ಳುವ ಪ್ರವಾಸ ವಿಮೆಯು ಹಠಾತ್ತಾದ ಕಾಯಿಲೆಗೆಂದು ರಚಿತವಾದುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂಥ ಹಳೆಯ ರೋಗಗಳ ನಿತ್ಯದ ಚಿಕಿತ್ಸೆಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಮುಪ್ಪಿನ ಕಾಯಿಲೆಗಳಲ್ಲಿ ಬಹುಪಾಲು ಹಳೆಯವೇ ಎಂಬುದನ್ನು ಹೇಳಬೇಕಾಗಿಲ್ಲ. ತದ್ವಿರುದ್ಧವಾಗಿ, ಅಲ್ಲಿಯ ಮೆಡಿಕೇರನ್ನು ಪಡೆದವರು ಊರಿಗೆ ಮರಳಿ ನಾಲ್ಕು ತಿಂಗಳಿದ್ದರೆ, ವಿಜಯಪುರದ ಆಸ್ಪತ್ರೆಯ ಖರ್ಚನ್ನು ಅದು ಕೊಡುವುದಿಲ್ಲ.

ಆದುದರಿಂದ ಈ ಇತಿಹಾಸದಿಂದ ಹೊರಡುವ ಒಂದು ವ್ಯಾವಹಾರಿಕ ನಿರ್ಣಯವನ್ನು ಇಲ್ಲಿ ಸೇರಿಸುವುದು ಅನುಚಿತವಾಗಲಾರದು. ಹೊರದೇಶಕ್ಕೆ ಹೋಗುವ ವೃದ್ಧರು ಇಲ್ಲಿಯ ಪಾಲಿಸಿಯನ್ನು ವ್ಯರ್ಥವೆಂದು ಬಗೆದು ಕಂತನ್ನು ನಿಲ್ಲಿಸಬಾರದು. ನಿಂತರೆ, ಕಾದು ಕಳೆದ ವರ್ಷಗಳ ಫಲವೂ ಹೋಗುತ್ತದೆ. ಮರಳಿ ಬಂದಾಗ, ಹೆಚ್ಚಿದ ವಯಸ್ಸಿನಲ್ಲಿ, ಪುನಃ ಮೊದಲಿನಿಂದ ಕಾಯಬೇಕಾಗುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ರದ್ದಾಗಿರುವುದರಿಂದ ಈ ಭಾರವು ಸ್ವಲ್ಪ ಹಗುರವಾಗಿದೆ. ಅಂತೆಯೇ, ಹೋಗುವ ದೇಶದಲ್ಲಿ ತಾವು ಪ್ರವಾಸಿಗಳೋ ಕಾಯಂ ನಿವಾಸಿಗಳೋ ಎಂಬುದನ್ನು ಟಿಕೀಟು ತೆಗೆಯುವ ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು. ಏಕೆಂದರೆ ಚಿಕಿತ್ಸೆಯ ಬಾಗಿಲು ತೆರೆಯುವುದು ಆ ಒಂದು ಭೇದದಿಂದ.

ವಿಶಾಲವಾದ ಪ್ರಶ್ನೆಯೊಂದು ಉಳಿಯುತ್ತದೆ. ಪಿಂಚಣಿಯು ಕೃಪೆಯ ಸ್ಥಿತಿಯಿಂದ ಹಕ್ಕಿನ ಸ್ಥಿತಿಗೆ ಬರಲು, ಗಡಿಗಳನ್ನು ದಾಟಲು ಶತಮಾನಕ್ಕೂ ಮಿಕ್ಕಿ ಹಿಡಿಯಿತು. ಅದು ತಾನಾಗಿ ಆದುದಲ್ಲ; ಕಾಯಿದೆಗಳಿಂದ, ರಾಜ್ಯ ರಾಜ್ಯಗಳ ನಡುವಿನ, ದೇಶ ದೇಶಗಳ ನಡುವಿನ ಒಪ್ಪಂದಗಳಿಂದ ಆದುದು. ಚಿಕಿತ್ಸೆಯ ಹಕ್ಕು ದೇಶದೊಳಗಣ ಗಡಿಗಳನ್ನು ದಾಟಲು ಈಗ ಕಲಿಯುತ್ತಿದೆ. 2018ರ ಯೋಜನೆಯು ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ ಮಾನ್ಯತೆಯನ್ನು ಕಲ್ಪಿಸಿದುದು ಅದರ ಗುರುತು. ಮುಂದಿನ ಹೆಜ್ಜೆಯು ದೇಶಗಳ ನಡುವೆ ಬೀಳಬೇಕಾಗಿದೆ. ಅದು ಬೀಳುವವರೆಗೆ, ಮಕ್ಕಳಿರುವಲ್ಲಿ ಮುಪ್ಪನ್ನು ಕಳೆಯಬೇಕೆಂಬ ಸಹಜವಾದ ಆಸೆಗೂ ಕಾಯಿಲೆಯ ಭಯಕ್ಕೂ ನಡುವೆ ನಮ್ಮ ಹಿರಿಯರು ಒಂದನ್ನು ತೂಗಿ ನೋಡುತ್ತಲೇ ಇರಬೇಕಾಗುತ್ತದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ವಲಸೆಯ ಕುಟುಂಬಗಳಿಂದ ಸಾಮಗ್ರಿಯನ್ನು ಸಂಗ್ರಹಿಸಿದರೆ, ಸಂಶೋಧನೆಗೂ ಸಮಾಜಕ್ಕೂ ಉಪಯುಕ್ತವಾದ ಕಾರ್ಯವು ನಡೆದಂತಾಗುವುದೆಂದು ನಾವು ನಂಬಿದ್ದೇವೆ.