ಡಿಕಾಕ್ಷನ್ ಬಣ್ಣದ ಕೆರೆ, ಯಾರದೋ ಹೆಸರಿನ ದ್ವೀಪ

ಮೊದಲ ಸಲ ಫೋಟೋ ನೋಡಿದಾಗ ಯಾರೋ ಫಿಲ್ಟರ್ ಹಾಕಿದಾರೆ ಅಂದುಕೊಂಡೆ. ಬೆಳ್ಳನೆಯ ಮರಳ ದಡ, ಅದಕ್ಕೆ ತಾಗಿಕೊಂಡೇ ಹಾಲು ಬೆರೆಸದ ಚಹಾದಂಥ ಕೆಂಪು ನೀರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಇರುವ ಗರಿ ದ್ವೀಪದ ಬೂಮಂಜಿನ್ ಸರೋವರ ಅದು. ಇಂಗ್ಲಿಷ್‌ನಲ್ಲಿ ಬರೆಯುವಾಗ ಗರಿಯ ಮುಂದೊಂದು ‘ಕೆ’ ಇರುತ್ತೆ, ಬಾಯಲ್ಲಿ ಹೇಳುವಾಗ ಇರಲ್ಲ.

ನೀರು ಕೊಳಕೇನಲ್ಲ. ಸುತ್ತಲಿನ ಗಿಡಮರಗಳ ಎಲೆಯಿಂದ ಇಳಿದ ಟ್ಯಾನಿನ್‌ನ ಬಣ್ಣ, ಅಷ್ಟೇ. ಮರಳಲ್ಲಿ ನೀರು ನಿಲ್ಲೋದು ಹೇಗೆ? ಕೊಳೆತ ಎಲೆ-ಬೇರಿನ ಅಂಶ ಮರಳಿನ ಕಣಗಳನ್ನು ಅಂಟಿಸಿ ತಳಕ್ಕೆ ಗಟ್ಟಿ ಪದರ ಹಾಸಿದೆ. ಅಂತರ್ಜಲಕ್ಕಿಂತ ಮೇಲೆ, ತಟ್ಟೆಯಲ್ಲಿಟ್ಟ ಹಾಗೆ, ಮಳೆನೀರು ನಿಂತಿದೆ. ಸುಮಾರು 200 ಹೆಕ್ಟೇರ್. ಈ ಬಗೆಯ ಕೆರೆಗಳಲ್ಲಿ ಜಗತ್ತಿಗೇ ದೊಡ್ಡದು.

ಈ ದ್ವೀಪ ಸಾವಿರಾರು ವರ್ಷಗಳಿಂದ ಬುಚುಲ್ಲಾ ಜನರದ್ದು. 1836ರಲ್ಲಿ ‘ಸ್ಟರ್ಲಿಂಗ್ ಕ್ಯಾಸಲ್’ ಹಡಗು ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಕ್ಯಾಪ್ಟನ್ ಜೇಮ್ಸ್ ಫ್ರೇಸರ್ ಇಲ್ಲೇ ತೀರಿಕೊಂಡ. ಅವನ ಹೆಂಡತಿ ಎಲೈಜಾ ಕೆಲವು ವಾರ ಸ್ಥಳೀಯರ ನಡುವೆ ಬದುಕುಳಿದಳು. ಆಮೇಲೆ ಬಿಳಿಯರ ತಂಡ ಬಂದು ಕರೆದೊಯ್ದಿತು. ಇಂಗ್ಲೆಂಡಿಗೆ ಮರಳಿದ ಮೇಲೆ ಅವಳು ಹೇಳಿದ ಕಥೆಯಲ್ಲಿ ಸಲದಿಂದ ಸಲಕ್ಕೆ ‘ಕಾಡುಜನರ’ ಕ್ರೌರ್ಯ ಹೆಚ್ಚುತ್ತಾ ಹೋಯಿತು. ಪತ್ರಿಕೆಗಳಿಗೆ ಬೇಕಾಗಿದ್ದೂ ಅದೇ. ಬುಚುಲ್ಲಾ ಜನರ ಬಾಯಲ್ಲಿದ್ದ ಕಥೆಯನ್ನು ಕೇಳಿದವರು ಯಾರು? ದ್ವೀಪಕ್ಕೆ ಫ್ರೇಸರ್ ಹೆಸರೇ ಅಂಟಿಕೊಂಡಿತು.

ಮುಂದಿನದು ಊಹಿಸಬಹುದು. 1863ರಿಂದ ಮರ ಕಡಿತ. 1897ರಲ್ಲಿ ಮೂಲನಿವಾಸಿಗಳನ್ನು ದ್ವೀಪದ ಬೊಗಿಂಬಾ ಎಂಬಲ್ಲಿ ಕೂಡಿಹಾಕಿದರು. ಕಾಯಿಲೆ, ಸಾವು. 1904ರಲ್ಲಿ ಅದನ್ನು ಮುಚ್ಚಿ, ಉಳಿದವರನ್ನು ಬೇರೆಡೆಗೆ ಸಾಗಿಸಿದರು. ತಮ್ಮದೇ ನೆಲದಿಂದ ಗಡೀಪಾರು, ನೋಡಿ.

ಮರಳು ಗಣಿಗಾರಿಕೆ ನಿಂತದ್ದು 1976ರಲ್ಲಿ, ಪರಿಸರ ಹೋರಾಟಗಾರರು ಪಟ್ಟು ಹಿಡಿದ ಮೇಲೆ. ಮರ ಕಡಿಯೋದು 1991ಕ್ಕೆ ಮುಗಿಯಿತು. ಮರುವರ್ಷ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. 2014ರಲ್ಲಿ ಕೋರ್ಟು ಬುಚುಲ್ಲಾ ಜನರ ಹಕ್ಕನ್ನು ಒಪ್ಪಿತು. ಹಳೆಯ ಹೆಸರು ಅಧಿಕೃತವಾಗಿ ವಾಪಸ್ ಬಂದದ್ದು 2023ರ ಜೂನ್‌ನಲ್ಲಿ.

ಬುಚುಲ್ಲಾ ಕಥೆಯಲ್ಲಿ ಗರಿ ಅಂದ್ರೆ ಭೂಮಿಯ ಮೇಲೆ ಮನಸೋತು ಇಲ್ಲೇ ಉಳಿದ ಒಬ್ಬ ದೇವಕನ್ಯೆ. ಅವಳೇ ದ್ವೀಪವಾದಳು, ಆಕಾಶ ನೋಡೋಕೆ ಅವಳಿಗೆ ಕೊಟ್ಟ ಕಣ್ಣುಗಳೇ ಈ ಕೆರೆಗಳು.

ಕೆಂಪು ನೀರು ಕಂಡ ತಕ್ಷಣ ಕೊಳಕು ಅನ್ನೋದು ಸುಲಭ. ಒಬ್ಬಳ ಕಥೆ ಕೇಳಿ ಒಂದಿಡೀ ಜನಾಂಗವನ್ನು ಕ್ರೂರಿಗಳು ಅನ್ನೋದೂ ಅಷ್ಟೇ ಸುಲಭವಾಗಿತ್ತು. ಅದನ್ನು ಸರಿಪಡಿಸೋಕೆ ಮಾತ್ರ ಹತ್ತಿರ ಹತ್ತಿರ ಇನ್ನೂರು ವರ್ಷ ಹಿಡಿಯಿತು.