ಬಣ್ಣದ ವೈಸರ್ (ಹೆಲ್ಮೆಟ್)

ಬಣ್ಣದ ವೈಸರ್ ಎಂಬುದು ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್‌ನ ಮುಂಭಾಗದಲ್ಲಿ ಅಳವಡಿಸುವ, ಬೆಳಕಿನ ಒಂದು ಭಾಗವನ್ನು ತಡೆಯುವ ಮುಖಪರದೆ. ಆಡುಮಾತಿನಲ್ಲಿ ಇದನ್ನು ಹೆಲ್ಮೆಟ್ ಗ್ಲಾಸು ಎಂದು ಕರೆಯುತ್ತಾರಾದರೂ ಇದು ಗಾಜಿನದಲ್ಲ. ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಿಂದ ತಯಾರಾಗುತ್ತದೆ. ಬಿಸಿಲಿನ ಝಳದಿಂದ ಕಣ್ಣು ಕುಕ್ಕುವುದನ್ನು ಇದು ಕಡಿಮೆ ಮಾಡುತ್ತದೆ. ಆದರೆ ಕತ್ತಲಾದ ಮೇಲೆ ಇದೇ ಪರದೆ ದೃಷ್ಟಿಗೆ ಅಡ್ಡಿಯಾಗುತ್ತದೆ.

ಬೆಳಕಿನ ಪ್ರಮಾಣ

ವೈಸರ್ ಎಷ್ಟು ಗಾಢವಾಗಿದೆ ಎಂಬುದನ್ನು ಅದರ ಮೂಲಕ ಹಾದುಬರುವ ಬೆಳಕಿನ ಶೇಕಡಾವಾರು ಪ್ರಮಾಣದಿಂದ ಅಳೆಯಲಾಗುತ್ತದೆ. ಯುರೋಪಿನ ಹಿಂದಿನ ಇಸಿಇ 22.05 ನಿಯಮದ ಪ್ರಕಾರ ಸಾಮಾನ್ಯ ವೈಸರ್ ಶೇ. 80ಕ್ಕಿಂತ ಹೆಚ್ಚು ಬೆಳಕನ್ನು ಬಿಡಬೇಕಿತ್ತು. ಶೇ. 50ರಿಂದ 80ರವರೆಗಿನವುಗಳ ಮೇಲೆ ಹಗಲು ಬಳಕೆಗೆ ಮಾತ್ರ ಎಂಬ ಗುರುತು ಇರಬೇಕಿತ್ತು. ಬಣ್ಣದ ವೈಸರ್‌ನ ಒಳಗೆ ತಂಪು ಕನ್ನಡಕ ಧರಿಸಿದರೆ ಎರಡರ ಪರಿಣಾಮವೂ ಸೇರುತ್ತದೆ: ಶೇ. 50ರ ವೈಸರ್ ಮತ್ತು ಶೇ. 20ರ ಕನ್ನಡಕ ಒಟ್ಟಾದಾಗ ಕಣ್ಣಿಗೆ ತಲುಪುವುದು ಶೇ. 10ರಷ್ಟು ಬೆಳಕು ಮಾತ್ರ. ಪಾಲಿಕಾರ್ಬೊನೇಟ್ ತಾನಾಗಿಯೇ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುವುದರಿಂದ, ಆ ಕಾರಣಕ್ಕಾಗಿ ಕಪ್ಪು ವೈಸರನ್ನೇ ಆರಿಸಬೇಕಾಗಿಲ್ಲ.

ಬಗೆಗಳು

* ಸ್ಮೋಕ್: ಬೂದು ಬಣ್ಣದ್ದು, ಸಿಗ್ನಲ್ ದೀಪಗಳ ಬಣ್ಣವನ್ನು ಹೆಚ್ಚು ಬದಲಿಸದೆ ಪ್ರಖರತೆಯನ್ನು ತಗ್ಗಿಸುತ್ತದೆ.
* ಕನ್ನಡಿ ಲೇಪನದ್ದು: ಹೊರಗಿನಿಂದ ನೀಲಿ ಅಥವಾ ಹೊಂಬಣ್ಣದಲ್ಲಿ ಹೊಳೆಯುತ್ತದೆ, ಗೀರು ಬಿದ್ದರೆ ಬೇಗ ಎದ್ದು ಕಾಣುತ್ತದೆ.
* ಹಳದಿ: ಮಂಜು ಮುಸುಕಿದ ಹಗಲಿನಲ್ಲಿ ವಸ್ತುಗಳ ಅಂಚನ್ನು ಸ್ಪಷ್ಟಗೊಳಿಸುತ್ತದೆ, ಇದೂ ಬೆಳಕನ್ನು ಕಡಿತಗೊಳಿಸುವುದರಿಂದ ರಾತ್ರಿಗೆ ಪರಿಹಾರವಲ್ಲ.
* ಬಣ್ಣ ಬದಲಿಸುವಂಥದ್ದು: ನೇರಳಾತೀತ ಕಿರಣಗಳಿಗೆ ಗಾಢವಾಗುತ್ತದೆ, ನೆರಳಿಗೆ ಬಂದ ಕ್ಷಣವೇ ತಿಳಿಯಾಗುವುದಿಲ್ಲ.
* ಜೋಡಿ ವೈಸರ್: ಹೊರಗೆ ತಿಳಿಯಾದ ಪರದೆ, ಒಳಗೆ ಗುಂಡಿಯಿಂದ ಏರಿಳಿಸಬಹುದಾದ ಬಣ್ಣದ ಪರದೆ.

ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ

ಮಂಡ್ಯ ಪಟ್ಟಣವು ಮದ್ದೂರಿನ ಪಶ್ಚಿಮ ದಿಕ್ಕಿಗಿದೆ. ಆದ್ದರಿಂದ ಬೆಳಿಗ್ಗೆ ಮಂಡ್ಯದಿಂದ ಮದ್ದೂರಿಗೆ ಹೋಗಿ ಸಂಜೆ ಹಿಂತಿರುಗುವ ಸವಾರನಿಗೆ ಎರಡು ಹೊತ್ತೂ ಸೂರ್ಯ ಎದುರಾಗುತ್ತಾನೆ. ಬಹುಮಟ್ಟಿಗೆ ಉತ್ತರ–ದಕ್ಷಿಣವಾಗಿ ಸಾಗುವ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಆ ಹೊತ್ತಿನ ಬಿಸಿಲು ಪಕ್ಕದಿಂದ ಬೀಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದ್ದು, ಸವಾರರು ಸರ್ವಿಸ್ ರಸ್ತೆಯನ್ನು ಬಳಸುತ್ತಾರೆ. ಬಿಸಿಲಿನಿಂದ ಕೆಳಸೇತುವೆಯ ನೆರಳಿಗೆ ಇಳಿಯುವಾಗ ಗಾಢ ವೈಸರ್ ಧರಿಸಿದವರಿಗೆ ಒಮ್ಮೆಲೇ ಕತ್ತಲಾದಂತೆ ಆಗುತ್ತದೆ.

ಈ ಅಕ್ಷಾಂಶದಲ್ಲಿ ಸೂರ್ಯಾಸ್ತದ ನಂತರದ ಮುಸ್ಸಂಜೆ ಬೆಳಕು 20ರಿಂದ 25 ನಿಮಿಷ ಮಾತ್ರ ಉಳಿಯುತ್ತದೆ. ಬಿಸಿಲಿರುವಾಗ ಹೊರಟವರು ಊರು ಸೇರುವ ಮೊದಲೇ ಕತ್ತಲಾಗುವುದುಂಟು. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಕೊಪ್ಪ ಮತ್ತು ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಎತ್ತಿನಗಾಡಿ ಹಾಗೂ ಟ್ರ್ಯಾಕ್ಟರ್‌ಗಳಲ್ಲಿ ಹಿಂಬದಿ ದೀಪವಿಲ್ಲದಿದ್ದರೆ, ಅಥವಾ ಕಬ್ಬಿನ ಸೋಗೆ ಅದನ್ನು ಮರೆಮಾಡಿದ್ದರೆ, ಗಾಡಿ ಗೋಚರಿಸುವುದೇ ತೀರ ಸಮೀಪಕ್ಕೆ ಬಂದಾಗ. ಗಂಟೆಗೆ 50 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ; ಗಾಡಿಯನ್ನು ಒಂದು ಸೆಕೆಂಡು ತಡವಾಗಿ ಗುರುತಿಸಿದರೆ ಬ್ರೇಕ್ ಹಿಡಿಯಲು ಅಷ್ಟು ಅಂತರ ಕಡಿಮೆಯಾಗುತ್ತದೆ. ವೈಸರನ್ನು ಮೇಲೆತ್ತಿ ಓಡಿಸುವುದೂ ಸುರಕ್ಷಿತವಲ್ಲ: ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಭತ್ತದ ಗದ್ದೆಗಳ ಬದಿಯಲ್ಲಿ, ಸಂಜೆ ಹೊತ್ತು ಹುಳುಗಳು ಕಣ್ಣಿಗೆ ಬಡಿಯುತ್ತವೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಧರಿಸುವುದನ್ನು ಕಡ್ಡಾಯಗೊಳಿಸಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಈ ನಿಯಮ ಜಾರಿಯಾಯಿತು. ದ್ವಿಚಕ್ರ ವಾಹನದ ಹೆಲ್ಮೆಟ್‌ಗಳಿಗೆ ಐಎಸ್ 4151 ಮಾನಕವಿದ್ದು, 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸುಪ್ರೀಂ ಕೋರ್ಟ್ 2012ರಲ್ಲಿ ಕಪ್ಪು ಫಿಲ್ಮ್ ಕುರಿತು ನೀಡಿದ ತೀರ್ಪು ವಾಹನಗಳ ಗಾಜಿಗೆ ಸಂಬಂಧಿಸಿದ್ದು. ಅದು ಹೆಲ್ಮೆಟ್ ವೈಸರ್ ಕುರಿತದ್ದಲ್ಲ.

ಆಯ್ಕೆ ಮತ್ತು ಆರೈಕೆ

ಹಗಲಿನಲ್ಲಷ್ಟೇ ಸಂಚರಿಸುವವರಿಗೆ ತಿಳಿ ಸ್ಮೋಕ್ ವೈಸರ್ ಸಾಕಾಗುತ್ತದೆ. ಹೊತ್ತು ಮುಳುಗಿದ ಮೇಲೂ ಓಡಾಡುವವರಿಗೆ ಜೋಡಿ ವೈಸರ್ ಅನುಕೂಲ. ಇಲ್ಲವಾದರೆ ತಿಳಿ ವೈಸರನ್ನೇ ಇಟ್ಟುಕೊಂಡು ಹಗಲಿನಲ್ಲಿ ತಂಪು ಕನ್ನಡಕ ಬಳಸಬಹುದು. ವಯಸ್ಸಾದಂತೆ ಮಬ್ಬುಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗುವುದು ಕಡಿಮೆಯಾಗುವುದರಿಂದ ಹಿರಿಯ ಸವಾರರು ಗಾಢ ಬಣ್ಣಗಳನ್ನು ತಪ್ಪಿಸುವುದು ಒಳ್ಳೆಯದು. ಬದಲಿ ವೈಸರ್ ಕೊಳ್ಳುವಾಗ ಅದು ಹೆಲ್ಮೆಟ್‌ನ ಅದೇ ಮಾದರಿಗೆ ತಯಾರಾದದ್ದಾಗಿರಬೇಕು. ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಬೇಕು. ಪೆಟ್ರೋಲ್ ಮತ್ತು ಥಿನ್ನರ್ ಪಾಲಿಕಾರ್ಬೊನೇಟನ್ನು ಹಾಳುಮಾಡುತ್ತವೆ. ಧೂಳನ್ನು ಒಣಬಟ್ಟೆಯಿಂದ ಉಜ್ಜದೆ, ಮೊದಲು ನೀರಿನಲ್ಲಿ ನೆನೆಸಿ, ಸೌಮ್ಯ ಸೋಪಿನಿಂದ ತೊಳೆಯಬೇಕು. ಎದುರಿನ ವಾಹನದ ದೀಪ ಬಿದ್ದಾಗ ಗೀರುಗಳು ಬೆಳಕನ್ನು ಚದುರಿಸುವುದರಿಂದ, ಗೀರು ತುಂಬಿದ ವೈಸರನ್ನು ಬದಲಿಸುವುದು ಸೂಕ್ತ.