ಗಡಿನಾಡಿನ ಕನ್ನಡ ಶಾಲೆ: ಅಂಕವೂ ಮನೆಮಾತೂ

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. ನಮ್ಮ ಪ್ರಾಥಮಿಕ ಶಾಲೆಗಳು ಮಾತ್ರ ಕನ್ನಡದಲ್ಲಿಯೇ ಪಾಠ ಹೇಳುತ್ತ ಬಂದವು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ.

ಆದರೆ ಈ ಶಾಲೆಗಳ ಮಕ್ಕಳ ಮನೆಮಾತು ಎಂದೂ ಒಂದೇ ಆಗಿರಲಿಲ್ಲ. ತುಳು, ಕೊಂಕಣಿ, ಮರಾಟಿ, ಬ್ಯಾರಿ, ಹವ್ಯಕ ಕನ್ನಡ, ಮಲಯಾಳ ಆಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದಿದರು. ಅವರಲ್ಲಿ ಹಲವರಿಗೆ ಕನ್ನಡವು ಶಾಲೆಯಲ್ಲಿ ದೊರೆತ ಭಾಷೆ. ಕೊಂಕಣಿ ಮನೆಮಾತಿನ ಮಂಜೇಶ್ವರ ಗೋವಿಂದ ಪೈಗಳೂ ತುಳು ಮನೆಮಾತಿನ ಕಯ್ಯಾರ ಕಿಞ್ಞಣ್ಣ ರೈಗಳೂ ಕನ್ನಡದ ಕವಿಗಳಾದದ್ದು ಈ ನೆಲದ ಸಹಜ ಸಂಗತಿ.

ಇಂದು ಪ್ರಾಥಮಿಕ ಶಾಲೆಯ ಯೋಗ್ಯತೆಯನ್ನು ನಾಲ್ಕನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಯಿಂದ ಅಳೆಯುವವರು ಬಹಳ. ಅಂಕ ಬೇಕಾದುದೇ. ಆದರೆ ಮನೆಯಲ್ಲಿ ತುಳುವಾಡುವ ಮಗು ಕನ್ನಡದಲ್ಲಿ ಉತ್ತರ ಬರೆಯುವಾಗ ಎರಡು ಪರೀಕ್ಷೆಗಳನ್ನು ಗೆಲ್ಲುತ್ತದೆ. ಅಂಕಪಟ್ಟಿಯಲ್ಲಿ ಒಂದೇ ಕಾಣುತ್ತದೆ. ಅಧ್ಯಾಪಕರ ಹುದ್ದೆ ಉಳಿಯುವುದಾದರೋ, ಶಾಲೆ ತೆರೆದ ಆರನೆಯ ದಿನದ ಮಕ್ಕಳ ಎಣಿಕೆಯಿಂದ. ಆದುದರಿಂದ ನಮ್ಮ ಮೊಮ್ಮಕ್ಕಳನ್ನು ಒಂದನೆಯ ತರಗತಿಗೆ ಎಲ್ಲಿ ಸೇರಿಸುತ್ತೇವೆಂಬುದರ ಮೇಲೆಯೇ ಈ ಶಾಲೆಗಳ ಮುಂದಿನ ಚರಿತ್ರೆ ನಿಂತಿದೆ.